ಹೋಗಿ ಬರ್ತೀನಿ ಅಂದ ಹಾವುರಾಣಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಈಶ್ವರನ ಗುಡಿಗೆ ಹೂ ಕಟ್ಟುತ್ತಿದ್ದ ಚೆನ್ನಬಸಯ್ಯನವರು.

ಗದ್ದೆಯ ಬದುವಿನ ಬಿಲದಲ್ಲಿ ಒಂದು ಒಂಟಿ ಏಡಿ ಇತ್ತು. ಒಂದು ದಿನ ಬಿಸಿಲಿಗೆ ಬಳಲಿದ, ಹಲ್ಲಿಯ ಜಾತಿಯ ಹಾವುರಾಣಿಯೊಂದು ಅದರ ಬಾಗಿಲಲ್ಲಿ ತುಸು ಹೊತ್ತು ತಂಗಿತು. ಹೆಸರಿಗೆ ರಾಣಿ, ಪ್ರಾಣಿ ಗಂಡು. ಏಳುವಾಗ ಮರ್ಯಾದೆಗೆ, "ಹೋಗಿ ಬರ್ತೀನಿ ಏಡಿಯಣ್ಣ" ಅಂದಿತು.

ಏಡಿಗೆ ಅದುವರೆಗೆ ಯಾರೂ ಆ ಮಾತು ಹೇಳಿರಲಿಲ್ಲ. ಎಷ್ಟು ಹೊತ್ತಿಗೆ ಬರ್ತಾನೆ ಅಂತ ಕೇಳಲಿಲ್ಲವಲ್ಲ ಎಂದುಕೊಳ್ಳುತ್ತ, ಮೂರು ದಿನ ಮೇವಿಗೂ ಹೋಗದೆ ಬಾಗಿಲಲ್ಲೇ ಕೂತಿತು. ನಾಲ್ಕನೆಯ ದಿನ ಹುಳ ಹುಡುಕುತ್ತ ಹಾವುರಾಣಿ ಆ ದಾರಿಯಲ್ಲಿ ಹಾಯುವಾಗ, ಏಡಿ ತನ್ನ ಇಕ್ಕಳದಂಥ ಕಾಲಿನಿಂದ ಅದರ ಬಾಲವನ್ನು ಹಿಡಿಯಿತು.

"ಬಂದೆಯಲ್ಲ ಮಾರಾಯ. ಇನ್ನು ಹೋಗೋದು ಬೇಡ."

"ಬಿಡು ಏಡಿಯಣ್ಣ, ನೋಯ್ತದೆ."

"ನನಗೂ ಮೂರು ದಿನ ನೋಯ್ತು."

"ಅದು ಎಲ್ಲರಿಗೂ ಹೇಳೋ ಮಾತು ಕಣಣ್ಣ."

"ನನಗೆ ಹೇಳಿದವನು ನೀನೊಬ್ಬನೇ."

ಹಾವುರಾಣಿ ಬಾಲ ಕಳಚಿ ಓಡಿತು. ಬಾಲ ಮಾತ್ರ ಹಿಡಿತದಲ್ಲೇ ಕುಣಿಯುತ್ತಿತ್ತು. ಗೆಳೆಯ ಉಳಿದುಕೊಂಡನೆಂದು ಹಿಗ್ಗಿದ ಏಡಿ ಅದನ್ನು ಒಳಗೆ ಒಯ್ದು ಮನಸಾರೆ ಮಾತಾಡಿಸಿತು. ಬಾಲ ಸ್ವಲ್ಪ ಹೊತ್ತು ಹೂಂಗುಟ್ಟುವ ಹಾಗೆ ಆಡಿ ಸುಮ್ಮನಾಯಿತು.

ತಿಂಗಳು ಕಳೆದ ಮೇಲೆ, ಹೊಸ ಬಾಲ ಮೂಡಿದ ಹಾವುರಾಣಿಗೆ ಮನಸ್ಸು ತಡೆಯಲಿಲ್ಲ. ತಾನಾಗಿಯೇ ಬಿಲದ ಬಾಗಿಲಿಗೆ ಬಂದು, "ಏಡಿಯಣ್ಣ, ಬಂದೆ ನೋಡು" ಅಂದಿತು.

ಏಡಿ ಬಾಗಿಲಿಗೆ ಅಡ್ಡ ನಿಂತು, "ಮೆಲ್ಲಗೆ ಮಾತಾಡಪ್ಪ, ಒಳಗೆ ನನ್ನ ಗೆಳೆಯ ಮಲಗಿದ್ದಾನೆ" ಅಂದಿತು.

ಕೇಳಿದವರು ಇದನ್ನು ಇನ್ನೊಬ್ಬರ ಮನೆಯ ಜಗಲಿಯಲ್ಲಿ ಕೂತು ಹೇಳಿ, ಆಮೇಲೆ ಹೋಗಿ ಬನ್ನಿ.