ರೋಗಕ್ಕೆ ಹೆಸರಿಟ್ಟ ಕುಂಬಾರಗಿತ್ತಿ

ಸರ್ಪಸುತ್ತು ಅಂತ ಇವತ್ತು ಪ್ಯಾಟೆ ಡಾಕ್ಟರೂ ಅಂತಾನಲ್ಲ ಪುಟ್ಟವ್ವಾ, ಆ ಮಾತು ಹುಟ್ಟಿದ್ದು ನಮ್ಮ ಮನೇಲಿ. ಹೂಂ, ನಮ್ಮ ಮನೇಲೇ. ಆ ಹೆಸರಿಟ್ಟ ಮಹಾತಾಯಿ ನನ್ನ ತಾತನ ಮುತ್ತಜ್ಜಿ. ನಮ್ಮ ತಾತ ಅವಳ ಕೈಯಿಂದ ಬೆಲ್ಲದಚ್ಚು ಇಸ್ಕೊಂಡು ತಿಂದವನು. ಸುಳ್ಳು ಅನ್ನೋರಿದ್ರೆ ಹೋಗಿ ತಾತನ್ನೇ ಕೇಳಲಿ, ಹುಣಿಸೆ ತೋಪಲ್ಲಿ ಮಣ್ಣಾಗಿ ಅರವತ್ತು ವರ್ಷ ಆಯ್ತು. ನಿಮ್ಮಜ್ಜಿ ಈ ಕತೆ ಹೇಳ್ತಿದ್ಲಲ್ಲ, ಅವಳೂ ನನ್ನಿಂದಲೇ ಕಲಿತದ್ದು. ಅವಳು ಇದ್ದಿದ್ರೆ ಅವಳ ಬಾಯಲ್ಲೇ ಒಪ್ಪಿಸ್ತಿದ್ದೆ. ಈಗ ಕಾಲು ಚಾಚಿ ಮಲಕ್ಕೊ, ಹೂಂ ಅಂತಿರು. ನಿನ್ನ ಹೂಂ ನಿಂತರೆ ನನ್ನ ಕತೆನೂ ನಿಲ್ತದೆ.

ಒಂದಾನೊಂದು ಕಾಲ. ಆ ಕಾಲದಲ್ಲಿ ರೋಗ ಎಲ್ಲಾ ಇದ್ದವಂತೆ, ರೋಗಕ್ಕೆ ಹೆಸರು ಮಾತ್ರ ಇರಲಿಲ್ಲವಂತೆ. ಹೆಸರು ಹಿಡಿದು ಕರೆದರೆ ನಾಯಿ ಹೆಂಗೆ ಬಾಲ ಅಲ್ಲಾಡಿಸ್ಕೊಂಡು ಬರ್ತದೋ ಹಂಗೆ ರೋಗಾನೂ ಬಂದುಬಿಡ್ತದೆ ಅಂತ ಆ ಸೀಮೆಯೋರ ಭಯ. ಅದಕ್ಕೇ ಯಾರಿಗೆ ಮೈ ಕೆಟ್ಟರೂ ಹಿಂಗಾಗಿದೆ ಅಂತ ಬಾಯಿ ಬಿಡೋ ಹಂಗಿಲ್ಲ, ತೆಗೆದು ತೋರಿಸೋ ಹಂಗಿಲ್ಲ. ಏನು ಮಾಡೋರಂದ್ರೆ, ಕುಂಬಾರರ ಮನೆಯಿಂದ ಒಂದು ಹೊಸ ಕುಡಿಕೆ ತಂದು ಬಾಗಿಲ ಮೆಟ್ಟಿಲ ಮೇಲೆ ಕವುಚಿ ಇಡೋರಂತೆ. ಜ್ವರ ಬಂದರೂ ಅದೇ ಕುಡಿಕೆ, ಕಾಲು ಉಳುಕಿದರೂ ಅದೇ ಕುಡಿಕೆ, ಪ್ರಾಣ ಹೋಗ್ತಿದ್ರೂ ಅದೇ ಕುಡಿಕೆ. ಆಮೇಲೆ ಮನೆಯೋರೊಬ್ಬರು ಅರಮನೆ ಪಂಡಿತರ ಹತ್ರ ಹೋಗಿ, ಸ್ವಾಮಿ ನಮ್ಮ ಮನೇಲಿ ಕುಡಿಕೆ ಕವುಚಿದೆ ಅನ್ನೋರು, ಪಂಡಿತರು ಒಳಗೆ ಹೋಗಿ ಔಷಧಿ ತಂದು ಕೊಡೋರು. ಪಂಡಿತರಿಗೆ ದಿವ್ಯದೃಷ್ಟಿ, ಹೇಳದೇನೇ ತಿಳೀತದೆ ಅಂತ ಜನ ಕೈ ಮುಗಿಯೋರಂತೆ.

ಆ ಸೀಮೆಯ ಹೊಳೆದಂಡೆ ಊರಲ್ಲಿ ಕುಂಬಾರರ ದ್ಯಾವೀರಿ ಅಂತ ಒಬ್ಬಳಿದ್ಲಂತೆ. ಮದುವೆಯಾದ ಮೂರನೇ ವರ್ಷಕ್ಕೇ ಗಂಡ ಹೊಳೆ ಪಾಲಾಗಿದ್ದ, ಮಕ್ಕಳು ಮರಿ ಒಂದೂ ಇರಲಿಲ್ಲ. ಇದ್ದೋರು ಅವಳು, ಅವಳತ್ತೆ ಬೈರಕ್ಕ, ಇಬ್ಬರೇ. ಗಂಡಸು ತಿರುಗಿಸೋ ತಿಗರಿಯನ್ನ ಅತ್ತೆ ತಿರುಗಿಸೋಳು, ಸೊಸೆ ಮಡಕೆಗೆ ಕೆಮ್ಮಣ್ಣು ಬಳಿದು ಸುಟ್ಟು ಊರಿಗೆಲ್ಲ ಹಂಚೋಳು. ಅತ್ತೆ ಸೊಸೆ ದಿನಾ ಬೈದಾಡೋರು, ದಿನಾ ಒಂದೇ ತಟ್ಟೇಲಿ ಉಣ್ಣೋರು.

ಹಿಂಗಿರಬೇಕಾದ್ರೆ ಒಂದಿನ ಬೈರಕ್ಕ ತಿಗರಿ ಬಿಟ್ಟು ಎದ್ದೋಳು ಹಂಗೇ ಕೂತುಬಿಟ್ಲಂತೆ. ಸೊಂಟದ ಹತ್ರ ಬೆಂಕಿ ಇಟ್ಟಂಗಾಗ್ತದೆ ಕಣೇ ಅನ್ನೋಕೂ ಅಂಜಿ, ಬರೀ ಸೆರಗು ಕಚ್ಚಿ ಹಿಡಕೊಂಡಿದ್ಲು. ದ್ಯಾವೀರಿ ಸೀರೆ ಸರಿಸಿ ನೋಡ್ತಾಳೆ, ಬೆನ್ನುಮೂಳೆ ಪಕ್ಕದಿಂದ ಹೊಕ್ಕಳ ಕಡೆಗೆ ಕೆಂಪು ಕೆಂಪು ಗುಳ್ಳೆ, ಪೋಣಿಸಿದಂಗೆ ಸಾಲಾಗಿ ಬಂದಿದ್ದವು. ಊರಿಗೆಲ್ಲ ಕುಡಿಕೆ ಕೊಡೋ ಕೈ ತನ್ನ ಮನೆ ಮೆಟ್ಟಿಲಿಗೇ ಒಂದು ಕುಡಿಕೆ ಕವುಚಿತಂತೆ. ಆಮೇಲೆ ಓಡಿಹೋಗಿ ಪಂಡಿತರ ಮುಂದೆ ನಿಂತು, ಸ್ವಾಮಿ ನಮ್ಮನೇಲಿ ಕುಡಿಕೆ ಕವುಚಿದೆ ಅಂದ್ಲು. ಪಂಡಿತರು ಕಣ್ಣು ಮುಚ್ಚಿ, ಕಣ್ಣು ಬಿಟ್ಟು, ಒಂದು ಉಂಡೆ ಲೇಪ ಕೊಟ್ಟರು. ಮನೆಗೆ ತಂದು ಬೆರಳಲ್ಲಿ ತಾಕಿಸ್ತಾಳೆ, ಬೈರಕ್ಕ ಹಾಕಿದ ಕೂಗಿಗೆ ಕಟ್ಟಿದ್ದ ಕತ್ತೆ ಹಗ್ಗ ಕಿತ್ಕೊಂಡು ಹೋಯ್ತಂತೆ. ಅರೆದ ಮೆಣಸು ಅದರಲ್ಲಿ, ಉಳುಕಿದ ಕಾಲಿಗೆ ತಿಕ್ಕೋದು.

ಮಾರನೇ ದಿನ ದ್ಯಾವೀರಿ ತಲೆ ಮೇಲೆ ಮಡಕೆ ಹೊತ್ಕೊಂಡು, ಅಡಿಗೆಮನೆಗೆ ಕೊಡೋಳ ಹಂಗೆ ಪಂಡಿತರ ಹಿತ್ತಲಿಗೆ ಹೋಗಿ ಕಿಂಡೀಲಿ ಇಣುಕಿದ್ಲು. ಒಳಗೆ ಮೂರು ಗುಡಾಣ. ಒಂದರಲ್ಲಿ ಕಷಾಯ, ಒಂದರಲ್ಲಿ ಪುಡಿ, ಒಂದರಲ್ಲಿ ಆ ಲೇಪ. ಮೊದಲು ಬಂದೋನಿಗೆ ಮೊದಲನೇ ಗುಡಾಣ, ಎರಡನೆಯೋನಿಗೆ ಎರಡನೇದು, ಮೂರನೆಯೋನಿಗೆ ಮೂರನೇದು. ನಾಲ್ಕನೆಯೋನು ಬಂದರೆ ಮತ್ತೆ ಮೊದಲನೇದು. ಅಷ್ಟೇ. ದಿವ್ಯದೃಷ್ಟಿ ಅಷ್ಟೇ.

ದ್ಯಾವೀರಿಗೆ ಕಾಲ ಕೆಳಗಿನ ನೆಲ ತಿಗರಿ ತಿರುಗಿದಂಗೆ ತಿರುಗಿತಂತೆ. ಊರಲ್ಲಿ ಇದುವರೆಗೂ ಬದುಕಿದೋರು ಎಷ್ಟು ಜನ, ಸತ್ತೋರು ಎಷ್ಟು ಜನ, ಎಲ್ಲಾ ಸಾಲಲ್ಲಿ ಯಾರ ಹಿಂದೆ ಯಾರು ನಿಂತಿದ್ರು ಅನ್ನೋದರ ಮೇಲೆ. ಬೈಯೋಣ ಅಂದ್ರೆ ಪಂಡಿತರದ್ದೂ ಏನು ತಪ್ಪು? ಏನಾಗಿದೆ ಅಂತ ಯಾರೂ ಹೇಳೋ ಹಂಗಿಲ್ಲ, ಅವರು ಕೇಳೋ ಹಂಗಿಲ್ಲ. ತಲೆ ಮೇಲಿನ ಮಡಕೆ ಇಳಿಸೋದನ್ನೂ ಮರೆತು ಮನೆ ತನಕ ನಡೆದು ಬಂದ್ಲಂತೆ.

ಬಂದೋಳೇ ಮೊದಲು ಆ ಲೇಪ ತೊಳೆದ್ಲು. ಆಮೇಲೆ ಕೈಗೆ ಸಿಕ್ಕಿದ್ದು ಅವಳಿಗೆ ಗೊತ್ತಿದ್ದದ್ದೇ, ಕೆಮ್ಮಣ್ಣು. ಮಡಕೆ ಕಂಠಕ್ಕೆ ಪಟ್ಟೆ ಎಳೆಯೋ ಹಂಗೆ, ಗುಳ್ಳೆ ಎಲ್ಲಿ ತನಕ ಬಂದಿದೆಯೋ ಅಲ್ಲಿ ತನಕ ಸುತ್ತ ಬೆರಳಲ್ಲಿ ತಣ್ಣಗೆ ಬರೆದ್ಲು. ಬೆಳಿಗ್ಗೆ ನೋಡಿದರೆ ಗುಳ್ಳೆ ಗೆರೆ ದಾಟಿ ಮುಂದೆ ಹೋಗಿದ್ದವು. ಮತ್ತೆ ಬರೆದ್ಲು. ಮತ್ತೆ ದಾಟಿದವು. ಮೂರನೇ ಸಲ ಬರೆದು ಹಿಂದಕ್ಕೆ ಸರಿದು ನೋಡ್ತಾಳೆ. ಇಲ್ಲಿ ಅಗಲ, ಅದು ಹೆಡೆ. ಅಲ್ಲಿ ಸಣ್ಣ, ಅದು ಬಾಲ. ಮಧ್ಯೆ ಮೈ ಹೊರಳಿಸ್ಕೊಂಡು ಅತ್ತೆ ಸೊಂಟ ಬಳಸ್ತಾ ಇದೆ. ಯೋಚನೆ ಮಾಡೋಕೆ ಮುಂಚೇನೇ ಬಾಯಿಂದ ಬಂದುಬಿಡ್ತಂತೆ.

ಅತ್ತೇ, ಇದು ಸರ್ಪ. ಸುತ್ಕೊಳ್ತಾ ಇದೆ. ಸರ್ಪಸುತ್ತು.

ಬೈರಕ್ಕ ನೋವನ್ನೇ ಮರೆತು ಸೊಸೆ ಬಾಯಿ ಮೇಲೆ ಕೈ ಇಟ್ಲು. ಆಗಲೇ ತಡ ಆಗಿತ್ತು. ಗೋಡೆ ಆಚೆ ನೆರೆಮನೆ ಮಾರಕ್ಕ ಬೆಂಕಿ ಕೇಳೋಕೆ ಬಂದು ನಿಂತಿದ್ಲು, ಕೈಲಿದ್ದ ಹಂಚಿನ ಚೂರು ಬಿದ್ದು ಪಳ್ ಅಂತು.

ಹೊತ್ತು ಏರೋ ಅಷ್ಟರಲ್ಲಿ ಊರೇ ಸೇರ್ತಂತೆ. ಗೌಡ ಹೇಳಿದನಂತೆ, ಕರೆದೋಳು ಕರೆದಾಯ್ತು, ಮೂರು ದಿನ ನೋಡೋಣ, ಅದು ಇನ್ನೊಂದು ಮನೆಗೆ ಬಂತೋ, ಇವಳನ್ನ ಅರಮನೆಗೆ ಒಪ್ಪಿಸೋದು, ರೋಗ ಕರೆದ ನಾಲಿಗೆಗೆ ಅಲ್ಲಿ ಕಾದ ಕಬ್ಬಿಣ ಇಡ್ತಾರೆ. ಒಬ್ಬ ಮುದುಕ ಪಾಪ ಅಂದದ್ದಕ್ಕೆ, ಹಿಂದಿಲ್ಲ ಮುಂದಿಲ್ಲ, ಅಳೋಕೆ ಒಂದು ಕೂಸಿಲ್ಲ, ಪಾಪ ಏನು ಬಂತು ಅಂತ ಇನ್ನೊಬ್ಬ ಅಂದನಂತೆ. ಆಗ ಒಳಗಿಂದ ಬೈರಕ್ಕ, ಅಳೋಕೆ ನಾನಿದ್ದೀನಿ ಕಣೋ, ನಿನಗೆ ಯಾರವ್ನೆ ಅಂದ್ಲಂತೆ.

ಒಂದು ದಿನ ಆಯ್ತು, ಯಾರಿಗೂ ಏನೂ ಇಲ್ಲ. ಎರಡು ದಿನ ಆಯ್ತು, ಇಲ್ಲ. ದ್ಯಾವೀರಿ ಗಳಿಗೆಗೊಮ್ಮೆ ಹೊಸ ಕೆಮ್ಮಣ್ಣು ಬರೆಯೋದು, ಒಣಗಿದ್ದನ್ನ ತೊಳೆಯೋದು. ಉರಿ ತಣ್ಣಗಾಗ್ತಾ ಬಂತು, ಗುಳ್ಳೆ ಗೆರೆ ಒಳಗೇ ನಿಂತವು. ಮೂರನೇ ದಿನ ಸಂಜೆ ಅದೇ ಮಾರಕ್ಕ ಕಣ್ಣೀರು ಸುರಿಸ್ಕೊಂಡು ಬಂದು, ದ್ಯಾವೀರಿ, ನನ್ನ ಗಂಡನಿಗೂ ಅದೇ ಕಣೆ, ಅದೇ ಸರ್ಪ, ಹತ್ತು ದಿನದಿಂದ ಕಾಳು ತುಂಬೋ ಹಗೇವಿನಲ್ಲಿ ಬಚ್ಚಿಟ್ಟಿದ್ದೀನಿ, ಜಗತ್ತಲ್ಲಿ ಇವನೊಬ್ಬನಿಗೇ ಬಂದಿದೆ ಅನ್ಕೊಂಡಿದ್ದೆ, ಒಂದು ಹಿಡಿ ಕೆಮ್ಮಣ್ಣು ಕೊಡೆ ಅಂದ್ಲಂತೆ. ದ್ಯಾವೀರಿ ಬೆಚ್ಚಿಬಿದ್ಲು. ಇವಳು ಹೆಸರಿಡೋಕೆ ಮುಂಚೇನೇ ರೋಗ ಪಕ್ಕದ ಮನೇಲಿತ್ತು. ಸುದ್ದಿ ಗೌಡನ ಕಿವಿಗೂ ಬಿತ್ತು, ಆದರೆ ಅವನು ಆ ಹತ್ತು ದಿನದ ಲೆಕ್ಕ ಕೇಳಬೇಕಲ್ಲ? ಬಂತು ನೋಡಿ, ಕರೆದದ್ದಕ್ಕೆ ಬಂತು ಅಂದ. ಕೈ ಕಟ್ಟಿ ಅರಮನೆಗೆ ನಡೆಸಿದರು. ಬೈರಕ್ಕ ಸೊಂಟಕ್ಕೆ ಕೆಮ್ಮಣ್ಣು ಮೆತ್ಕೊಂಡೇ, ಕೋಲೂರ್ಕೊಂಡು, ಹಿಂದೇನೇ ಹೊರಟ್ಲಂತೆ.

ಅರಮನೇಲಿ ರಾಜ, ರಾಣಿ, ಪಂಡಿತರು, ಎಲ್ಲಾ ಕೂತಿದ್ರು. ಆ ರಾಜನ ಸಭೇಲಿ ಒಂದು ರೂಢಿ. ರಾಜ ಕಾಲು ಸರಿಸಿದರೆ, ಎದ್ದು ನಡೆದರೆ ಎಲ್ಲರೂ ಸೂರು ನೋಡಬೇಕು, ಕಾಲ ಕಡೆ ಕಣ್ಣು ಹೋಗೋ ಹಂಗಿಲ್ಲ. ಹನ್ನೆರಡು ವರ್ಷದಿಂದ ಸೂರು ನೋಡಿ ನೋಡಿ ಮಂತ್ರಿಗೆ ಅಲ್ಲಿನ ಜೇಡಗಳ ಮೊಮ್ಮಕ್ಕಳ ತನಕ ಗುರುತಿತ್ತಂತೆ. ರಾಣಿ ಅವತ್ತು ಮುಖದ ಮೇಲೆ ದಪ್ಪ ಸೆರಗು ಎಳಕೊಂಡಿದ್ಲು.

ದ್ಯಾವೀರಿ ಮೂರು ಗುಡಾಣದ ಸುದ್ದಿ, ಹೆಸರಿಗೂ ಮುಂಚೇನೇ ಮಾರಕ್ಕನ ಗಂಡನಿಗೆ ರೋಗ ಬಂದಿದ್ದ ಸುದ್ದಿ, ಎರಡೂ ಎಲ್ಲರ ಮುಂದೆ ಹೇಳಿದ್ಲು. ಪಂಡಿತರ ಮುಖ ಸುಣ್ಣ ಬಳಿದಂಗಾಯ್ತು, ಆದರೂ ಬಿಡಲಿಲ್ಲ. ಹೆಸರಿಟ್ಟರೆ ರೋಗ ಬರಲ್ಲ ಅಂತೀಯಲ್ಲ, ಹಂಗಾದ್ರೆ ಇಲ್ಲೇ ಇನ್ನೆರಡಕ್ಕೆ ಹೆಸರಿಡು, ಮೊದಲಿನದೂ ಸೇರಿ ಮೂರಾಗಲಿ, ಯಾರಿಗಾದ್ರೂ ಮೈ ಕೆಟ್ಟರೆ ನಿನ್ನ ನಾಲಿಗೆ ಇಲ್ಲ ಅಂದರು.

ಅಷ್ಟರಲ್ಲಿ ರಾಣಿ ಉಗುಳು ನುಂಗೋಕೆ ಹೋಗಿ ನೋವಿಗೆ ಹಾ ಅಂದ್ಲು, ಸೆರಗು ಜಾರ್ತು. ಕಿವಿ ಕೆಳಗೆ ಎರಡೂ ಕಡೆ ಕೆನ್ನೆ ಊದಿ ಹೊಳೀತಿದ್ದವು. ದ್ಯಾವೀರಿ ಹೊಳೆ ಕಟ್ಟೆ ಮೇಲೆ ದಿನಾ ನೋಡೋಳು, ಕೋತಿಗಳು ಕಡಲೆ ಕದ್ದು ಎರಡೂ ದವಡೇಲಿ ತುಂಬ್ಕೊಂಡು ಕೂತಿರ್ತವಲ್ಲ, ಥೇಟ್ ಹಂಗೆ. ರಾಣಿಗೆ ಅನ್ನೋ ಮಾತಲ್ಲ ಅದು. ಆದರೂ ಕೇಳಿದ್ದಾರೆ, ಹೇಳಬೇಕು. ತಾಯೀ ತಪ್ಪು ತಿಳೀಬೇಡಿ, ಇದು ಮಂಗನಬಾವು ಅಂದ್ಲು.

ರಾಣಿಗೆ ಮಂಗ ಅಂದದ್ದು ಕೇಳಿ ಚಾಮರ ಬೀಸೋರ ಕೈ ಗಾಳೀಲೇ ನಿಂತವಂತೆ. ಕಾವಲಿನವನು ಕತ್ತಿಗೆ ಕೈ ಹಾಕಿದ. ಆಗ ಮೂಲೆಯಿಂದ ರಾಣಿಯ ದಾಸಿ, ಅಯ್ಯೋ ನನ್ನ ಮಗಳಿಗೂ ಇದೇ ಇತ್ತವ್ವಾ, ಒಂದು ವಾರಕ್ಕೆ ಇಳೀತು, ಯಾರಿಗೂ ಹೇಳಿರಲಿಲ್ಲ ಅಂತ ತಡೀಲಾರದೆ ಅಂದುಬಿಟ್ಲು. ರಾಣಿ ಕನ್ನಡಿ ತರಿಸಿ ನೋಡ್ಕೊಂಡ್ಲು. ನೋಡಿ ನಗು ಬಂತು, ನಕ್ಕರೆ ನೋವು, ಕೆನ್ನೆ ಹಿಡ್ಕೊಂಡು ನಕ್ಕಳಂತೆ. ವಾರಕ್ಕೆ ಇಳೀತದಾ, ಹಂಗಾದ್ರೆ ಸಾಯಲ್ವಾ ನಾನು ಅಂತ ಎರಡು ಸಲ ಕೇಳಿದ್ಲಂತೆ.

ಇನ್ನು ಮೂರನೇದು. ದ್ಯಾವೀರಿ ಸುತ್ತ ನೋಡಿದ್ಲು, ಅಷ್ಟರಲ್ಲಿ ರಾಜ ಕೂತಲ್ಲೇ ಕಾಲು ಸರಿಸಿದ, ಎಲ್ಲರೂ ಸೂರು ನೋಡಿದ್ರು. ಸಿಂಹಾಸನದ ಕೆಳಗೆ ರಾಜನ ಒಂದು ಕಾಲು ರೇಷ್ಮೆ ದುಪ್ಪಟಿ ಒಳಗಿತ್ತು. ಅವಳೊಬ್ಬಳೇ ಕಣ್ಣು ಕೆಳಗಿಳಿಸಿದ್ಲು. ದುಪ್ಪಟಿ ತುದೀಲಿ ಕಂಡದ್ದು ದಪ್ಪಗೆ, ಒರಟಾಗಿ, ಮಡಿಕೆ ಮಡಿಕೆಯಾಗಿ ನೆಲಕ್ಕೆ ಊರಿದ ಕಾಲು. ಹಿಂದೆ ಬೈರಕ್ಕ, ಬೇಡ ಕಣೇ ನನ್ನವ್ವ, ಇದೊಂದು ಬೇಡ ಅಂತ ಸೆರಗು ಎಳೀತಿದ್ಲು. ಹೇಳಿದರೆ ತಲೆ ಹೋಗ್ತದೆ. ಹೇಳದಿದ್ರೆ ನಾಲಿಗೆ ಹೋಗ್ತದೆ, ಊರು ಮತ್ತೆ ಕುಡಿಕೆ ಕವುಚ್ಕೊಂಡು ಸಾಯ್ತದೆ.

ಬುದ್ಧೀ, ನಿಮ್ಮದು ಆನೆಕಾಲು ಅಂದ್ಲು.

ಲಾಯದಲ್ಲಿ ಕುದುರೆ ಮೇವು ಅಗಿಯೋದು ಸಭೆಗೆ ಕೇಳಿಸ್ತಂತೆ. ಕಾವಲಿನವನು ಕತ್ತಿ ಹಿರಿದ. ರಾಜ ಕೈ ಎತ್ತಿ ಅವನನ್ನ ನಿಲ್ಲಿಸಿದ. ಆಮೇಲೆ ಬಹಳ ಸಣ್ಣ ದನೀಲಿ, ಅವನ ಸಭೆಯೋರು ಎಂದೂ ಕೇಳದ ದನೀಲಿ ಕೇಳಿದನಂತೆ:

ತಾಯೀ, ಇದು ಇನ್ಯಾರಿಗಾದ್ರೂ ಇದೆಯಾ?

ಇದೆ ಬುದ್ಧಿ, ಊರಿಗೆಲ್ಲ ಮಡಕೆ ಕೊಡೋಳು ನಾನು, ಎಲ್ಲರ ಹಿತ್ತಲೂ ನೋಡಿದ್ದೀನಿ, ನಮ್ಮೂರ ಮಡಿವಾಳರ ಹಿರಿಯ ಸಿಂಗಣ್ಣನಿಗೆ ಇದೆ, ಹರಿಗೋಲು ಹಾಕೋ ಕರಿಯಪ್ಪನಿಗೆ ಇದೆ, ಅವರಿಬ್ಬರೂ ಎದುರು ಬದುರು ಮನೆ, ಒಬ್ಬರಿಗಿರೋದು ಇನ್ನೊಬ್ಬರಿಗೆ ಗೊತ್ತಿಲ್ಲ ಅಂದ್ಲಂತೆ.

ರಾಜ ದುಪ್ಪಟಿ ತಾನೇ ತೆಗೆದು ಪಕ್ಕಕ್ಕಿಟ್ಟ. ಎಲ್ಲರೂ ನೋಡಿ ಅಂದ. ನೋಡೋಕೆ ಯಾರಿಗೂ ಕಣ್ಣೇ ಬರಲೊಲ್ಲದು. ಹನ್ನೆರಡು ವರ್ಷ, ಲೋಕದಲ್ಲಿ ಇಲ್ಲದ ಒಂದು ಶಾಪ ನನಗೊಬ್ಬನಿಗೇ ಬಂದಿದೆ ಅನ್ಕೊಂಡಿದ್ದೆ, ಮೂರು ಜನ ಇದ್ದೀವಾ ನಾವು ಅಂತ ಕೂತ ಕಡೆಯೇ ಗೊಳೋ ಅಂತ ಅತ್ತನಂತೆ. ಪಂಡಿತರೂ ಅತ್ತರು. ಮೂರು ಗುಡಾಣದ ಬೀಗದ ಕೈ ತಂದು ದ್ಯಾವೀರಿ ಕಾಲ ಹತ್ರ ಇಟ್ಟು, ತಾಯೀ ನನಗೂ ಭಯ ಇತ್ತು, ಯಾವುದು ಏನು ಅಂತ ನನಗ್ಯಾರು ಹೇಳಿದ್ರು ಅಂದರಂತೆ. ಬೀಗದ ಕೈ ನೀವೇ ಇಟ್ಕೊಳ್ಳಿ ಸ್ವಾಮಿ, ಗುಡಾಣ ತೆಗೆಯೋಕೆ ಮುಂಚೆ ಏನಾಗಿದೆ ಅಂತ ಕೇಳಿ, ಸಾಕು ಅಂದ್ಲು.

ಆನೆಕಾಲು ವಾಸಿಯಾಯ್ತಾ ಅಂತ ಕೇಳಬೇಡ, ಆಗಲಿಲ್ಲ. ಆದರೆ ಅತ್ತೆ ತಿಗರಿ ತಿರುಗಿಸಿ, ಸೊಸೆ ಕೆಮ್ಮಣ್ಣು ಬಳಿದು, ಅಗಲ ಬಾಯಿನ ಮೂರು ಬಾನಿ ಮಾಡಿಕೊಟ್ಟರಂತೆ. ದಿನಾ ಬೆಳಿಗ್ಗೆ ರಾಜ, ಸಿಂಗಣ್ಣ, ಕರಿಯಪ್ಪ ಮೂವರೂ ಅರಮನೆ ಜಗಲೀಲಿ ಸಾಲಾಗಿ ಕೂತು ಬಾನಿಯ ಬಿಸಿನೀರಲ್ಲಿ ಕಾಲು ಇಟ್ಕೊಂಡು, ಯಾರದು ದಪ್ಪ ಅಂತ ಜಗಳ ಆಡೋರಂತೆ. ಮಂತ್ರಿ ಕತ್ತು ಕೆಳಗಿಳಿಸೋಕೆ ಆರು ತಿಂಗಳು ಎಣ್ಣೆ ತಿಕ್ಕಿಸ್ಕೊಂಡನಂತೆ. ಮೆಟ್ಟಿಲ ಮೇಲೆ ಕವುಚಿದ್ದ ಕುಡಿಕೆ ಎಲ್ಲಾ ಎತ್ತಿ ಜನ ಮೊಸರು ಹೆಪ್ಪು ಹಾಕಿದರು. ಆಮೇಲೆ ಸೀಮೆಯೋರೆಲ್ಲ ಕುಂಬಾರರ ಬಾಗಿಲಿಗೇ ಬಂದು, ದ್ಯಾವೀರಮ್ಮಾ ಹಿಂಗಾಗಿದೆ ಏನನ್ನೋಣ ಅನ್ನೋರು. ಕೆಮ್ಮಿ ಕೆಮ್ಮಿ ಬೊಗಳಿದಂಗಾದ್ರೆ ನಾಯಿಕೆಮ್ಮು ಅಂದ್ಲು, ಹೊತ್ತು ಮುಳುಗಿದ ಮೇಲೆ ಕಾಣದವನಿಗೆ ಇರುಳುಗಣ್ಣು ಅಂದ್ಲು. ನೆಗಡಿ ಒಂದು ಅವಳಿಟ್ಟದ್ದಲ್ಲ, ಅದು ನಮ್ಮ ತಾತ ಇಟ್ಟದ್ದು. ಇವತ್ತಿಗೂ ಸರ್ಪಸುತ್ತು ಅಂದ್ರೆ ಕೆಮ್ಮಣ್ಣು ಬರೆಸ್ಕೊಳ್ಳೋಕೆ ಜನ ಕುಂಬಾರರ ಮನೆ ಹುಡುಕ್ತಾರಲ್ಲ, ಅದಕ್ಕೇ. ಅತ್ತೆ ಸೊಸೆ ಬೈದಾಡ್ಕೊಂಡು, ಒಂದೇ ತಟ್ಟೇಲಿ ಉಂಡ್ಕೊಂಡು, ಇಬ್ಬರೇ ನೂರು ವರ್ಷ ಬಾಳಿದರಂತೆ. ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಹಿಂಗಿದ್ದೀವಿ, ಕತೆ ಮುಗಿದು ಕಂಬಳಿ ಹೊದ್ಕೊಂಡಿತು.

ಏನು? ಇನ್ನೂ ಮಲಗಿಲ್ವಾ ನೀನು?

ಅಜ್ಜಾ, ದ್ಯಾವೀರಿಗೆ ಮಕ್ಕಳೇ ಇರಲಿಲ್ಲ ಅಂದ್ಯಲ್ಲ. ಮತ್ತೆ ನಿನ್ನ ತಾತನಿಗೆ ಮುತ್ತಜ್ಜಿ ಹೆಂಗಾದ್ಲು?

ಹಂಗಂದ್ನಾ? ಅಂದಿರಬೇಕು. ಏನೋ ಮಗಾ, ಬೆಲ್ಲ ತಿಂದವನು ತಾತ, ನಾನಲ್ಲ. ಆ ಕಡೆ ತಿರುಗಿ ಮಲಕ್ಕೊ.