ಹಿಂಗಾಲಿಲ್ಲದ ಜಿಗಿಹುಳು

ಕೀಟಶಾಸ್ತ್ರದ ಮೇಷ್ಟ್ರು ಊಟಕ್ಕೆ ಹೋಗುವಾಗ ತಮ್ಮ ಭೂತಗನ್ನಡಿಯನ್ನು ಬದನೆ ಗಿಡಕ್ಕೆ ನೇತುಹಾಕಿದರು. ಹುಳುಗಳ ಕುಲಗೋತ್ರ ತನ್ನಷ್ಟು ಬಲ್ಲವರಿಲ್ಲ ಎಂಬುದು ಆ ಕನ್ನಡಿಯ ಬಿಂಕ. ಅಷ್ಟರಲ್ಲಿ ಪುಟ್ಟ ಹುಳುವೊಂದು ತೆವಳುತ್ತ ಬಂತು.

"ಅಯ್ಯಾ, ನಾನು ಜಿಗಿಹುಳು. ನನ್ನವರು ಯಾವ ಎಲೆಯಲ್ಲಿದ್ದಾರೆ?"

"ಮೊದಲು ಹಿಂಗಾಲು ತೋರಿಸು. ಅದರಲ್ಲಿ ಮುಳ್ಳಿನ ಸಾಲಿದ್ದರೆ ಮಾತ್ರ ಜಿಗಿಹುಳು."

"ಎರಡೂ ಜೇಡನ ಪಾಲಾದವು."

"ಹಾಗಾದರೆ ನೀನು ಯಾರೋ, ನಾನು ಹೇಳಲಾರೆ."

ಹುಳು ಹೊಟ್ಟೆಯನ್ನು ಕಾಂಡಕ್ಕೊತ್ತಿ, ತನ್ನವರು ಕರೆಯುವ ರೀತಿಯಲ್ಲಿ ಮೆಲ್ಲಗೆ ಮಿಡಿಯಿತು. ಕನ್ನಡಿಗೆ ಏನೂ ಕಾಣಲಿಲ್ಲ. ಆದರೆ ಅದು ತೂಗುತ್ತಿದ್ದ ದಾರದಲ್ಲಿ ಸಣ್ಣ ನಡುಕ ಇಳಿದು ಬಂತು. ಅದರ ಬೆನ್ನಿಗೇ ಗಿಡದ ತುದಿಯಿಂದ ಮತ್ತೊಂದು ನಡುಕ ಓಗೊಟ್ಟಿತು. ಮೇಲಿನ ಎಲೆಯಿಂದ ಇನ್ನೊಂದು ಜಿಗಿಹುಳು ಹಾರಿ ಬಂದು ಪಕ್ಕದಲ್ಲಿ ಕೂತಿತು.

"ಎಲ್ಲಿ ಹೋಗಿದ್ದೆಯೇ ತಂಗಿ? ಬೆಳಗಿನಿಂದ ಕರೆಯುತ್ತಿದ್ದೇನೆ."

"ಅಕ್ಕಾ, ಇನ್ನು ನನಗೆ ಜಿಗಿಯಲಾಗದು."

"ಜಿಗಿಯದಿದ್ದರೇನು, ನಾನೂ ನಡೆದೇ ಬರುತ್ತೇನೆ."

ಮುಳ್ಳಿನ ಸಾಲಿನ ಗಟ್ಟಿ ಹಿಂಗಾಲುಗಳನ್ನು ಮಡಚಿಕೊಂಡು ಅಕ್ಕ ತಂಗಿಯ ಜೊತೆಗೇ ಹೆಜ್ಜೆ ಹೆಜ್ಜೆಯಾಗಿ ಕಾಂಡ ಹತ್ತಿತು.

ಮೇಷ್ಟ್ರು ಬಂದು ಕೈ ಚಾಚಿದಾಗ ಕನ್ನಡಿ ಕೊಂಬೆಯನ್ನು ಬಿಡಲಿಲ್ಲ.

"ಸ್ವಲ್ಪ ತಾಳಿ ಸ್ವಾಮಿ, ಕೇಳಿಸಿಕೊಳ್ಳುತ್ತಿದ್ದೇನೆ" ಎಂದಿತು.