ನೂಕಿ ತಂದ ವ್ಯಾನು

"ಗುರುಗಳೇ, ಮಠದ ಐವರು ಹಿರಿಯರು ನನ್ನನ್ನು ಪರೀಕ್ಷಿಸಿದರು. ಒಂದು ತಪ್ಪೂ ಸಿಗಲಿಲ್ಲ. ಪ್ರವಚನ ಮಾಡಲು ಅಪ್ಪಣೆ ಕೊಟ್ಟಿದ್ದಾರೆ. ಇನ್ನು ನಾನು ತಿದ್ದಿಕೊಳ್ಳುವುದು ಏನಾದರೂ ಉಳಿದಿದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಪಾಸಾದೆಯಲ್ಲ, ಸಂತೋಷ. ಕೂತುಕೋ. ಪಾಸಾದ ಒಂದು ವ್ಯಾನಿನ ಕತೆ ಹೇಳುತ್ತೇನೆ.

"ನೀಲವ್ವ ಎಂಬಾಕೆ ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ದು ಬದುಕುತ್ತಿದ್ದಳು. ಬೇಸಿಗೆ ರಜೆಯಲ್ಲಿ ಅದರ ಎಂಜಿನ್ ಕೆಟ್ಟು ನಿಂತಿತು. ಬುಡನ್ ಎಂಬ ಮೆಕ್ಯಾನಿಕ್ ಬೇರೆ ಎಂಜಿನ್ ಕೂರಿಸಲು ಒಪ್ಪಿದ. ಎಂಜಿನ್ ಬದಲಿಸುವುದೆಂದರೆ ಅಂಗಿ ಬದಲಿಸಿದಂತೆ ಎಂದುಕೊಂಡೆಯಾ? ಮೊದಲು ಸಾರಿಗೆ ಕಚೇರಿಯ ಅನುಮತಿ ಬೇಕು. ಹೊಸದಾಗಿ ಕೂರುವ ಎಂಜಿನ್ ಹೊಗೆಯ ಮಿತಿ ದಾಟಬಾರದು. ಅದರ ನಂಬರು ಗಾಡಿಯ ನೋಂದಣಿ ಪತ್ರಕ್ಕೆ, ಅಂದರೆ ಆರ್‌ಸಿಗೆ, ಏರಬೇಕು. ಅಲ್ಲಿಯವರೆಗೆ ಮಕ್ಕಳನ್ನು ಕೂರಿಸುವಂತಿಲ್ಲ.

"ಅನುಮತಿ ಕೈಗೆ ಬರುವವರೆಗೆ ಬುಡನ್ ಬೋಲ್ಟು ಬಿಚ್ಚುವ ಪಾನಾ ಮುಟ್ಟಲಿಲ್ಲ. ಉರುಳಿಬಿದ್ದಿದ್ದ ಅದೇ ಕಂಪನಿಯ ವ್ಯಾನೊಂದರಿಂದ ಎಂಜಿನ್ ತಂದ. ಹೊಗೆ ಸೋಸುವ ಡಬ್ಬಿಯನ್ನೂ ಅದರ ವೈರುಗಳನ್ನೂ ಬಿಡದೆ ತಂದ. 'ಡಬ್ಬಿ ಕಿತ್ತು ಒಗಿಯೋ, ಗಾಡಿ ಹಾರ್ತದ' ಎಂದರು ಪಕ್ಕದ ಗ್ಯಾರೇಜಿನವರು. ಇವನು ಕಿವಿಗೆ ಹಾಕಿಕೊಳ್ಳದೆ ಎಲ್ಲವನ್ನೂ ಇದ್ದಂತೆಯೇ ಕೂರಿಸಿದ.

"ಸೋಮವಾರ ತಪಾಸಣೆ. ಎಲ್ಲರೂ ಮಾಡುವಂತೆ ಬುಡನ್ ಕೂಡ ಕಚೇರಿಯ ಗೇಟಿನ ಹೊರಗೆ ಅರ್ಧ ತಾಸು ಎಂಜಿನ್ ಕಾಯಿಸಿದ. ಕಾದ ಎಂಜಿನ್ ಹೊಗೆ ಕಡಿಮೆ ಬಿಡುತ್ತದೆ. ಆ ಕಸುಬಿನವರೆಲ್ಲ ಬಲ್ಲ ಗುಟ್ಟು ಅದು. ಅಧಿಕಾರಿ ಹೊಗೆ ಅಳೆಯುವ ಕೊಳವೆ ಇಟ್ಟು ನೋಡಿದರು. ಅಂಕಿ ಮಿತಿಯೊಳಗಿತ್ತು. ಸಹಿಗೆ ಪೆನ್ನು ತೆಗೆದರು.

"'ಸಾಹೇಬ್ರ, ಸಹಿ ಹಾಕಬ್ಯಾಡ್ರಿ' ಎಂದ ಬುಡನ್. ಆ ದಿನ ಮುಂಜಾನೆ ತಣ್ಣಗಿದ್ದ ಎಂಜಿನ್ ಮೊದಲ ಸಲ ಚಾಲು ಮಾಡಿದಾಗ ಎಣ್ಣೆ ಸುಟ್ಟ ನೀಲಿ ಹೊಗೆ ಬಂದದ್ದನ್ನು ಅವನು ಕಂಡಿದ್ದ.

"ನೀಲವ್ವ ಸಿಡಿದೆದ್ದಳು. 'ಏನೋ ಬುಡನ್ಯಾ, ನನ್ನ ಹೊಟ್ಟಿ ಮ್ಯಾಲ ಹೊಡೀತೀಯೇನು? ಗುರುವಾರ ಸಾಲಿ ಸುರು. ಅವತ್ತು ವ್ಯಾನ್ ಬರಲಿಲ್ಲಂದ್ರ ನನ್ನ ಕೆಲಸ ಬ್ಯಾರೆಯವರಿಗೆ ಕೊಡ್ತಾರ.'

"'ಯವ್ವಾ, ಇವರು ನೋಡಿದ್ದು ಕಾದ ಎಂಜಿನ್. ನೀ ಮುಂಜಾನೆ ಕೀಲಿ ತಿರುವುವಾಗ ಹುಡುಗ್ರು ಹಿಂದಿನ ಬಾಗಿಲದಾಗ ಹತ್ತತಿರ್ತಾವ' ಎಂದ ಬುಡನ್. ಅವಳಿಗೆ ಅಳು ಬಂತು. ಆದರೂ ವ್ಯಾನನ್ನು ಅವನ ಕೈಗೇ ಕೊಟ್ಟಳು.

"ಮಂಗಳವಾರ ಅವನು ಎಂಜಿನಿನ ತಲೆ ಬಿಚ್ಚಿ, ಎಣ್ಣೆ ಜಿನುಗುತ್ತಿದ್ದ ಸವೆದ ಸೀಲುಗಳನ್ನೆಲ್ಲ ಬದಲಿಸಿದ. ಬುಧವಾರ ಕಚೇರಿ ತೆರೆಯುವ ಹೊತ್ತಿಗೆ ವ್ಯಾನು ತಂದ. ಓಡಿಸಿಕೊಂಡಲ್ಲ ತಮ್ಮಾ, ನೂಕಿಕೊಂಡು! ಓಡಿಸಿದರೆ ಎಂಜಿನ್ ಕಾಯುತ್ತದಲ್ಲ. ನೀಲವ್ವ ಸ್ಟೀರಿಂಗ್ ಹಿಡಿದಿದ್ದಳು, ಇವನು ಒಂದು ಮೈಲಿ ಹಿಂದಿನಿಂದ ನೂಕಿದ. 'ಹೊಸ ಎಂಜಿನ್ ಭಾರಿ ಐತಲ್ಲೋ!' ಎಂದು ಚಹಾ ಅಂಗಡಿಯವರು ನಕ್ಕರು. ನಗಲಿ ಬಿಡು.

"ಅಧಿಕಾರಿ ಬೆರಗಾದರು. 'ಕಾಯಿಸಿ ತರೋರನ್ನ ದಿನಾ ನೋಡ್ತೀನಿ. ನೂಕಿ ತಂದವ ನೀನೊಬ್ಬನೇ ನೋಡಪಾ' ಎಂದರು. ತಣ್ಣಗಿದ್ದ ಎಂಜಿನ್ ಚಾಲು ಮಾಡಿಸಿ ಕೊಳವೆ ಇಟ್ಟರು. ಅಂಕಿ ಮಿತಿಯೊಳಗೇ ನಿಂತಿತು. ನೀಲಿ ಹೊಗೆಯ ಸುಳಿವಿರಲಿಲ್ಲ. ಹೊಸ ನಂಬರು ಆರ್‌ಸಿಗೆ ಏರಿತು. ಗುರುವಾರ ನೀಲವ್ವ ಮಕ್ಕಳನ್ನು ಶಾಲೆಗೆ ಮುಟ್ಟಿಸಿದಳು. ಭಲೆ ಬುಡನ್! ಅಂಥವನ ಜಿಡ್ಡುಗೈಗೆ ನಾನು ಕೈ ಮುಗಿಯುತ್ತೇನೆ."

"ನಿಜ ಗುರುಗಳೇ, ಎಂಥ ಮನುಷ್ಯ!" ಎಂದ ಶಿಷ್ಯ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ಇವತ್ತು ಮುಂಜಾನೆ ಸ್ನಾನದ ನೀರು ತಡವಾಯಿತೆಂದು ನೀನು ಅಡುಗೆಯ ಗೌರವ್ವನಿಗೆ ಸಿಡುಕಿ ಅಂದ ಮಾತು ಆ ಐವರು ಹಿರಿಯರ ಕಿವಿಗೆ ಬಿದ್ದಿತ್ತೇ?"